ಗ್ರಾಫಿಕ್ಸ್ ಕಾರ್ಡ್‌ಗೆ ವಾಟರ್ ಕೂಲಿಂಗ್: ಹಣ ಹಾಕುವ ಮುನ್ನ ಪರೀಕ್ಷಿಸಬೇಕಾದದ್ದು

ಗ್ರಾಫಿಕ್ಸ್ ಕಾರ್ಡ್‌ಗೆ ವಾಟರ್ ಕೂಲಿಂಗ್, ಅಂದರೆ ಕೊಳವೆಗಳಲ್ಲಿ ಹರಿಯುವ ದ್ರವದಿಂದ ಅದನ್ನು ತಣಿಸುವ ವ್ಯವಸ್ಥೆ, ಅಳವಡಿಸಿದರೆ ಗೇಮ್‌ಗಳ ವೇಗ ಬಹಳ ಹೆಚ್ಚುತ್ತದೆ ಎಂಬ ನಿರೀಕ್ಷೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಬಿಸಿ ಏರಿದಂತೆ ಇಂದಿನ ಕಾರ್ಡ್‌ಗಳು ಕ್ಲಾಕ್ ವೇಗವನ್ನು (ಚಿಪ್ ಕೆಲಸ ಮಾಡುವ ವೇಗ) ತುಸುತುಸುವೇ ಇಳಿಸುತ್ತವೆ ನಿಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಅವುಗಳಿಗೆ ಕಡಿವಾಣ ಹಾಕುವುದು ತಯಾರಕರು ನಿಗದಿಪಡಿಸಿದ ವಿದ್ಯುತ್ ಮಿತಿಯೇ ಹೊರತು ಶಾಖವಲ್ಲ. ಆದ್ದರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಕಾರ್ಡ್ 50ಕ್ಕೆ ಇಳಿದರೂ ಫ್ರೇಮ್‌ರೇಟ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚುವುದು ಸಾಮಾನ್ಯವಾಗಿ ಕೆಲವೇ ಶೇಕಡಾದಷ್ಟು. ನೀವು ಹಣ ತೆರುವುದು ಮುಖ್ಯವಾಗಿ ಫ್ಯಾನ್‌ಗಳ ಸದ್ದು ತಗ್ಗಿಸುವುದಕ್ಕೆ.

ಹಾಗಾಗಿ ಮೊದಲು ಅಳೆಯಿರಿ. ಕಾರ್ಡ್‌ಗೆ ಅತಿ ಹೆಚ್ಚು ಕೆಲಸ ಕೊಡುವ ಗೇಮನ್ನು ಅರ್ಧ ಗಂಟೆ ಓಡಿಸಿ, ಜಿಪಿಯು-ಝಡ್ ತಂತ್ರಾಂಶದಲ್ಲಿ ಚಿಪ್‌ನ ತಾಪಮಾನ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ) ಮತ್ತು ಮೆಮೊರಿಯ ತಾಪಮಾನ ತೋರಿಸುತ್ತಿದ್ದರೆ ಅವನ್ನೆಲ್ಲ ಬರೆದುಕೊಳ್ಳಿ. ನಂತರ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಮತ್ತೊಮ್ಮೆ ಅಳೆಯಿರಿ. ಬಿಸಿ ಗಣನೀಯವಾಗಿ ಇಳಿದರೆ ಕೊರತೆಯಿರುವುದು ಗಾಳಿಯ ಸಂಚಾರದಲ್ಲಿ, ಅದಕ್ಕೆ ಒಂದೆರಡು ಫ್ಯಾನ್ ಸಾಕಾಗಬಹುದು. ಹಾಟ್‌ಸ್ಪಾಟ್ ಮಾತ್ರ ಚಿಪ್‌ಗಿಂತ ವಿಪರೀತ ಬಿಸಿಯಾಗಿದ್ದರೆ ಥರ್ಮಲ್ ಪೇಸ್ಟ್ (ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಲೇಪ) ಒಣಗಿರುವ ಅಥವಾ ಕೂಲರ್ ಸರಿಯಾಗಿ ಕೂರದಿರುವ ಸಾಧ್ಯತೆಯಿದೆ. ಇದೆಲ್ಲ ಆದ ಮೇಲೆ ಅಂಡರ್‌ವೋಲ್ಟ್ ಮಾಡಿ ನೋಡಿ. ಆಫ್ಟರ್‌ಬರ್ನರ್‌ನಂತಹ ತಂತ್ರಾಂಶದಲ್ಲಿ ಅದೇ ಕ್ಲಾಕ್ ವೇಗಕ್ಕೆ ಕಡಿಮೆ ವೋಲ್ಟೇಜ್ ನಿಗದಿಪಡಿಸಿದರೆ ವಿದ್ಯುತ್ ಬಳಕೆ, ಶಾಖ, ಸದ್ದು ಮೂರೂ ಒಟ್ಟಿಗೆ ಇಳಿಯುತ್ತವೆ, ಮತ್ತು ಇದಕ್ಕೆ ಖರ್ಚೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರ ಹುಡುಕಾಟ ಇಲ್ಲಿಗೇ ಮುಗಿಯಬೇಕು.

ಮುಗಿಯದಿದ್ದರೆ ಲೆಕ್ಕ ಹಾಕಿ. ಚಿಪ್‌ನ ಮೇಲೆ ಕೂತು ಶಾಖವನ್ನು ದ್ರವಕ್ಕೆ ದಾಟಿಸುವ ವಾಟರ್ ಬ್ಲಾಕ್, ಆ ದ್ರವವನ್ನು ತಣಿಸುವ ರೇಡಿಯೇಟರ್, ಪಂಪ್ ಎಲ್ಲರಿಗೂ ನೆನಪಾಗುತ್ತವೆ. ಅಂದಾಜು ತಪ್ಪಿಸುವುದು ಸಾಮಾನ್ಯವಾಗಿ ಕೊಳವೆ ಜೋಡಿಸುವ ಸಣ್ಣ ಫಿಟ್ಟಿಂಗ್‌ಗಳು. ಪಂಪ್ ಮತ್ತು ರೇಡಿಯೇಟರ್ ಮುಂದಿನ ಕಂಪ್ಯೂಟರಿಗೂ ಬರುತ್ತವೆ, ಆದರೆ ಬ್ಲಾಕ್ ಒಂದು ನಿರ್ದಿಷ್ಟ ಸರ್ಕ್ಯೂಟ್ ಬೋರ್ಡಿನ ಅಳತೆಗೆ ಮಾಡಿದ್ದಾಗಿರುವುದರಿಂದ ಕಾರ್ಡ್ ಬದಲಾಯಿಸಿದ ದಿನ ಅದು ನಿರುಪಯುಕ್ತವಾಗುತ್ತದೆ. ತಾಮ್ರದ ಬ್ಲಾಕ್ ಇರುವಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಬಳಸಬೇಡಿ, ಎರಡು ಲೋಹಗಳು ಒಂದೇ ದ್ರವದಲ್ಲಿ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಜೋಡಿಸಿದ ಮೇಲೆ ಪಂಪ್‌ಗೆ ಮಾತ್ರ ವಿದ್ಯುತ್ ಕೊಟ್ಟು, ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟು, ಸೋರಿಕೆಯಿಲ್ಲವೆಂದು ಖಚಿತವಾಗುವವರೆಗೆ ಹಲವು ಗಂಟೆ ಬಿಡಬೇಕು. ಕೂಲರ್ ತೆಗೆದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಿ.

450 ವ್ಯಾಟ್‌ನ ಆರ್‌ಟಿಎಕ್ಸ್ 4090 ಅಥವಾ 575 ವ್ಯಾಟ್‌ನ 5090ರಂತಹ ಕಾರ್ಡಿನಲ್ಲಿ ದಿನವಿಡೀ ರೆಂಡರಿಂಗ್ ಮಾಡುವವರಿಗೆ, ಅಕ್ಕಪಕ್ಕ ಹಲವು ಕಾರ್ಡ್ ಕೂರಿಸಿ ಗಾಳಿಗೆ ಸಂದೇ ಉಳಿಯದವರಿಗೆ ಈ ಖರ್ಚು ಸಮರ್ಥನೀಯ. ವಾಟರ್ ಕೂಲಿಂಗ್ ಇದ್ದರೂ ಕೋಣೆಗೆ ಸೇರುವ ಶಾಖ ಮಾತ್ರ ಮೊದಲಿನಷ್ಟೇ ಇರುತ್ತದೆ. ನೀವು ಈ ಗುಂಪಿನವರಾಗಿದ್ದು ಹೊಸ ಕಾರ್ಡ್ ಕೊಳ್ಳುವವರಿದ್ದರೆ, ನಿಮ್ಮ ಮಾದರಿಗೆ ಹೊಂದುವ ಬ್ಲಾಕ್ ಸಿಗುತ್ತದೆಯೇ ಎಂದು ಕಾರ್ಡ್ ಕೊಳ್ಳುವ ಮುನ್ನವೇ ನೋಡಿ, ಏಕೆಂದರೆ ಒಂದೇ ಚಿಪ್ ಇದ್ದರೂ ತಯಾರಕರಿಂದ ತಯಾರಕರಿಗೆ ಬೋರ್ಡ್ ಬೇರೆಯಾಗಿರಬಹುದು.