ಗೆಜ್ಜೆ ಕಟ್ಟಿದ ಜಿಂಗಲ್ ಬೆಲ್ಸ್

ಡಿಸೆಂಬರ್ ಮೊದಲ ವಾರ ನಮ್ಮ ತರಗತಿಯ ಕಪಾಟಿನಿಂದ ಒಂದು ಬಟ್ಟೆಚೀಲ ಕೆಳಗಿಳಿಯುತ್ತದೆ. ಅದರಲ್ಲಿ 22 ಗೆಜ್ಜೆಪಟ್ಟಿಗಳಿವೆ. ಅಗಲದ ಎಲಾಸ್ಟಿಕ್‌ಗೆ ನಾಲ್ಕು ನಾಲ್ಕು ಗೆಜ್ಜೆ ಹೊಲಿದಿದ್ದೇನೆ. ಚೀಲ ಅಲುಗಿದ ಸದ್ದು ಕೇಳಿದರೆ ಸಾಕು, ಮಕ್ಕಳು ಆಟ ಬಿಟ್ಟು ಓಡಿ ಬರುತ್ತಾರೆ.

ನಾನು ಮೈಸೂರಿನಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಮಿಸ್. ಮೊದಲ ವರ್ಷ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಐದು ಹಾಡು ಕಲಿಸಿದ್ದೆ. ಕಲಿಸಿದ್ದು ಅಂದರೆ, ಮೊಬೈಲಿನಲ್ಲಿ ಹಾಡು ಹಾಕಿ ಜೊತೆಗೆ ಹಾಡಿಸಿದ್ದು. ಅವತ್ತು ವೇದಿಕೆ ಮೇಲೆ ಮಕ್ಕಳು ತುಟಿ ಅಲುಗಿಸದೆ ನಿಂತುಬಿಟ್ಟರು. ಒಬ್ಬಳು ಅತ್ತಳು. ಸ್ಪೀಕರ್ ಮಾತ್ರ ಹಾಡಿತು. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳದ್ದೇನೂ ತಪ್ಪಿರಲಿಲ್ಲ. ಆ ಹಾಡುಗಳು ಅವರ ಗಂಟಲಿಗೂ ಹೊಂದಿರಲಿಲ್ಲ, ಕೈಕಾಲಿಗೂ ಹೊಂದಿರಲಿಲ್ಲ.

ಗಂಟಲಿನ ವಿಷಯ ಮೊದಲು ಹೇಳುತ್ತೇನೆ. ಚಿಕ್ಕಂದಿನಲ್ಲಿ ನಾನು ಸ್ವಲ್ಪ ಸಂಗೀತ ಕಲಿತಿದ್ದೆ. ನನ್ನ ಶ್ರುತಿ, ಅಂದರೆ ನಾನು ಹಾಡುವಾಗ ಆಧಾರಕ್ಕೆ ಇಟ್ಟುಕೊಳ್ಳುವ ಸ್ವರದ ಎತ್ತರ, ಐದು. ಆ ಶ್ರುತಿಯಲ್ಲಿ ಹಾಡಿಸಿದರೆ ಪುಟ್ಟ ಮಕ್ಕಳಿಗೆ ತೀರಾ ತಗ್ಗಾಗುತ್ತದೆ. ಹಾಡಲಾಗದೆ ಗೊಣಗುತ್ತಾರೆ. ಈ ವಯಸ್ಸಿನ ಬಹಳಷ್ಟು ಮಕ್ಕಳಿಗೆ ಆರಾಮಾಗಿ ಸಿಗುವುದು ನಾಲ್ಕೈದು ಸ್ವರ ಅಷ್ಟೇ. ನನ್ನದಕ್ಕಿಂತ ಮೇಲಿರುವ ಎರಡನೇ ಶ್ರುತಿ ಇಟ್ಟುಕೊಂಡು ಷಡ್ಜದಿಂದ (ಸ) ಪಂಚಮದವರೆಗೆ (ಪ). ಅಂದರೆ ನನ್ನ ಪಂಚಮ ಎಲ್ಲಿದೆಯೋ ಅಲ್ಲಿಂದ ಅವರ ಷಡ್ಜ ಶುರು. ಇದು ಗೊತ್ತಾದ ಮೇಲೆ ನಾನು ನನ್ನ ಗಂಟಲಿನ ಸುಖ ಬಿಟ್ಟು ಮೇಲಕ್ಕೆ ಹೋದೆ. ಎರಡೇ ದಿನದಲ್ಲಿ ತರಗತಿಯ ದನಿ ಬದಲಾಯಿತು.

ಜಿಂಗಲ್ ಬೆಲ್ಸ್ ಪಲ್ಲವಿಯ ಸ್ವರ ನೋಡಿ: ಗ ಗ ಗ, ಗ ಗ ಗ, ಗ ಪ ಸ ರಿ ಗ. ಮುಂದೆ ಹಾಡಿ ನೋಡಿದರೂ ಪಲ್ಲವಿ ಪೂರ್ತಿ ಆ ಐದು ಸ್ವರದ ಒಳಗೇ ಇದೆ! ಮಕ್ಕಳು ಅದನ್ನು ಅಷ್ಟು ಬೇಗ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಚರಣ ಹಾಗಲ್ಲ, ಶುರುವಿನಲ್ಲೇ ಸ್ವರ ಕೆಳಗಿನಿಂದ ಮೇಲಕ್ಕೆ ನೆಗೆಯುತ್ತದೆ, ಮಾತೂ ಜಾಸ್ತಿ. ಅದಕ್ಕೇ ಚರಣವನ್ನು ನಾನೊಬ್ಬಳೇ ಹಾಡುತ್ತೇನೆ. ಮಕ್ಕಳದ್ದು ಪಲ್ಲವಿ ಮಾತ್ರ. ಅದೂ ರೆಕಾರ್ಡಿನ ಅರ್ಧ ವೇಗದಲ್ಲಿ.

ಆಮೇಲೆ ಕೈಕಾಲು. ಜೇಮ್ಸ್ ಪಿಯರ್‌ಪಾಂಟ್ ಎಂಬ ಅಮೆರಿಕದವರು 1857ರಲ್ಲಿ ಪ್ರಕಟಿಸಿದ ಈ ಹಾಡಿನಲ್ಲಿ ಕ್ರಿಸ್‌ಮಸ್ ಅನ್ನುವ ಮಾತೇ ಇಲ್ಲ. ಹಿಮದ ಮೇಲೆ ಕುದುರೆಗಾಡಿ ಓಡಿಸುವ ಖುಷಿ ಇದೆ. ನಮ್ಮ ಮಕ್ಕಳು ಹಿಮ ಕಂಡಿದ್ದು ಫ್ರಿಜ್ಜಿನೊಳಗೆ ಮಾತ್ರ. ಹಾಗಾಗಿ ಒಂದು ದಿನ ಟ್ರೇ ಮೇಲೆ ಗೊಂಬೆ ಕೂರಿಸಿ, ನೆಲಕ್ಕೆ ದುಪ್ಪಟಿ ಹಾಸಿ, ಅದರ ಮೇಲೆ ಎಳೆದೆ. ಪಕ್ಕದಲ್ಲಿ ಚಕ್ರದ ಆಟದ ಲಾರಿಯನ್ನು ಬರೀ ನೆಲದ ಮೇಲೆ ಎಳೆದೆ. ಲಾರಿ ಗಡಗಡ ಅಂತು. ಟ್ರೇ ಸದ್ದೇ ಇಲ್ಲದೆ ಜಾರಿತು. ಕಿವಿ ನೆಲಕ್ಕೆ ಹಚ್ಚಿ ಮಲಗಿದ್ದ ಹುಡುಗ ತಟ್ಟನೆ ಎದ್ದು ಕೂತ.

"ಮಿಸ್, ಶಬ್ದಾನೇ ಇಲ್ಲ! ಹಿಂದಿಂದ ಬಂದು ಗುದ್ದಿಬಿಡುತ್ತೆ!"

"ಮತ್ತೆ ಏನು ಮಾಡೋದು?"

"ಹಾರ್ನ್ ಹಾಕ್ಬೇಕು."

ಅಷ್ಟೇ. ಹಿಮದ ಮೇಲೆ ಜಾರುವ ಗಾಡಿಗೆ ಚಕ್ರವಿಲ್ಲ, ಬರುವುದು ಗೊತ್ತಾಗುವುದಿಲ್ಲ, ಅದಕ್ಕೇ ಕುದುರೆಗೆ ಗಂಟೆ ಕಟ್ಟುತ್ತಿದ್ದರು. ಅರಮನೆ ಹತ್ತಿರದ ಟಾಂಗಾ ಕುದುರೆ, ಊರಿನ ಅಜ್ಜನ ಮನೆ ಎತ್ತಿನ ಕೊರಳ ಗಂಟೆ, ಒಂದೊಂದಾಗಿ ಮಕ್ಕಳೇ ನೆನಪು ಮಾಡಿದರು. ಆಗ ಚೀಲದಿಂದ ಗೆಜ್ಜೆ ತೆಗೆದೆ.

ಗೆಜ್ಜೆ ಕೊಟ್ಟ ತಕ್ಷಣ ಹಾಡು ಶುರು ಮಾಡಬೇಡಿ. ಮೊದಲು ಮನಸಾರೆ ಅಲ್ಲಾಡಿಸಲಿ. ಆಮೇಲೆ "ಕುದುರೆ ನಿಂತಿತು" ಅಂದರೆ ಎಲ್ಲರೂ ಗೆಜ್ಜೆಯನ್ನು ಎದೆಗೆ ಒತ್ತಿ ಹಿಡಿಯಬೇಕು. ಮೂರು ವರ್ಷದ ಮಗುವಿಗೆ ಸದ್ದು ಮಾಡುವುದಕ್ಕಿಂತ ಸದ್ದು ನಿಲ್ಲಿಸುವುದರಲ್ಲೇ ಹೆಚ್ಚು ಮಜಾ! ಎರಡು ದಿನ ಇದೇ ಆಟ. ಮೂರನೇ ದಿನ ನಾನು ಹಾಡುತ್ತೇನೆ, ಸಾಲಿನ ಕೊನೆಯ "ಹೇ!" ಮಾತ್ರ ಬಿಟ್ಟುಕೊಡುತ್ತೇನೆ. ಮಾತೇ ಆಡದ ಮಗುವೂ ಆ "ಹೇ!" ಕೂಗುತ್ತದೆ. ಮೊದಲು ಕೊನೆಯ ಪದ, ಆಮೇಲೆ ಕೊನೆಯ ಸಾಲು, ಹೀಗೆ ಹಿಂದಿನಿಂದ ಮುಂದಕ್ಕೆ ಹಾಡು ಅವರದಾಗುತ್ತದೆ. ಒಂದು ಎಚ್ಚರ: ಪ್ರತಿ ಬೆಳಿಗ್ಗೆ ಗೆಜ್ಜೆಯ ಹೊಲಿಗೆ ಎಳೆದು ನೋಡಿ. ಕಿತ್ತು ಬಂದ ಗೆಜ್ಜೆ ಸೀದಾ ಬಾಯಿಗೇ ಹೋಗುತ್ತದೆ.

1965ರ ಡಿಸೆಂಬರಿನಲ್ಲಿ ಜೆಮಿನಿ 6 ಗಗನನೌಕೆಯಲ್ಲಿದ್ದ ಇಬ್ಬರು ಗಗನಯಾತ್ರಿಗಳು ಮೌತ್ ಆರ್ಗನ್ ಮತ್ತು ಪುಟ್ಟ ಗಂಟೆಗಳಲ್ಲಿ ಇದೇ ಹಾಡು ನುಡಿಸಿದ್ದರು. ಅದನ್ನು ಹೇಳಿದ ದಿನ ಎಲ್ಲರಿಗೂ ಕುರ್ಚಿ ಮೇಲೆ ಹತ್ತಿಯೇ ಹಾಡಬೇಕಿತ್ತು.

ಜಾಯ್ ಟು ದ ವರ್ಲ್ಡ್ ಅನ್ನುವ ಕ್ರಿಸ್‌ಮಸ್ ಹಾಡನ್ನು ಹಾಡಿಸುವುದಿಲ್ಲ, ಜಾರಿಸುತ್ತೇನೆ. ಅದರ ಮೊದಲ ಸಾಲು ಮೇಲಿನ ಷಡ್ಜದಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿನ ಷಡ್ಜಕ್ಕೆ ಇಳಿಯುತ್ತದೆ. ಸ ನಿ ದ ಪ ಮ ಗ ರಿ ಸ. ಶಂಕರಾಭರಣ ರಾಗದ ಅವರೋಹಣವೇ. ಮಕ್ಕಳು ಎರಡೂ ಕೈ ಮೇಲೆತ್ತಿ, ಸ್ವರದ ಜೊತೆ ಇಳಿಸುತ್ತಾ ಕೊನೆಗೆ ನೆಲಕ್ಕೆ ಕೂರುತ್ತಾರೆ.

ಒಂದು ವರ್ಷ ಒಬ್ಬರು ತಾತ ಕೇಳಿದರು, "ಇದೆಲ್ಲ ನಮ್ಮ ಮಕ್ಕಳಿಗೆ ಯಾಕಮ್ಮ?" ಅವರ ಮೊಮ್ಮಗಳು ಸಂಗೀತಕ್ಕೂ ಹೋಗುತ್ತಿದ್ದಳು. ನಾನು ನೊಟ್ಟುಸ್ವರದ ಮಾತೆತ್ತಿದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು, ಇವತ್ತಿಗೂ ಪುಟ್ಟ ಮಕ್ಕಳು ಅವನ್ನು ಕಲಿಯುತ್ತಾರೆ ಅಲ್ವಾ ಅಂದೆ. ತಾತ ಗೇಟಿನಲ್ಲೇ ನಿಂತು ಒಂದು ಸಾಲು ಹಾಡಿದರು. ಮಕ್ಕಳಿಗೂ ನಾನು ಮುಚ್ಚಿಡುವುದಿಲ್ಲ. ಇದು ಯೇಸು ಹುಟ್ಟಿದ ಹಬ್ಬ, ಕೃಷ್ಣ ಹುಟ್ಟಿದ ದಿನ ಹಾಡಿದ ಹಾಗೆ ಇವತ್ತೂ ಹಾಡುತ್ತೇವೆ ಅನ್ನುತ್ತೇನೆ. ಸೇಂಟ್ ಫಿಲೋಮಿನಾ ಚರ್ಚಿಗೆ ಹೋಗಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ, ನೋಡಿ ಬಂದ ಮಕ್ಕಳು ಕುರಿಮರಿ ಎಲ್ಲಿತ್ತು ಅಂತ ಉಳಿದವರಿಗೆ ಹೇಳುತ್ತಾರೆ.

ನಮ್ಮ ಚಳಿಗೂ ಹಾಡು ಬೇಕಲ್ಲ. ಬೆಳಿಗ್ಗೆ ಮಂಜು ಬಿದ್ದಿರುತ್ತದೆ, ಮಕ್ಕಳು ಸ್ವೆಟರ್ ಹಾಕಿಕೊಂಡು ಬರುತ್ತಾರೆ. ನಾನೇ ಕಟ್ಟಿದ್ದು ಇದು. ಒಂದು ಸಾಲು ನಾನು, ಒಂದು ಸಾಲು ಅವರು, ಬರೀ ಸ ರಿ ಗ ದಲ್ಲಿ:

ಗಡಗಡ ಗಡಗಡ ಕಿವಿಗೆ ಚಳಿ!
ಕುಲಾವಿ ಎಲ್ಲಿ? ಇಗೋ ಇಲ್ಲಿ!
ಹಿತುಕು ಹಿತುಕು ಅವರೆಕಾಳು
ಪುಳಕ್ ಅಂತು, ಬೇಳೆ ನೋಡು!

"ಹಿತುಕು" ಬಂದಾಗ ಹೆಬ್ಬೆರಳು ತೋರುಬೆರಳು ಸೇರಬೇಕು. ಜನವರಿಯಲ್ಲಿ ನೆನೆಸಿದ ಅವರೆಕಾಳನ್ನೇ ತಟ್ಟೆಗೆ ಹಾಕಿ ಕೊಡುತ್ತೇನೆ. ಸಿಪ್ಪೆಯಿಂದ ಬೇಳೆ ಚಿಮ್ಮಿದಾಗ ಬರುವ ಕೇಕೆಯಲ್ಲಿ ಹಾಡು ಮುಳುಗಿಹೋಗುತ್ತದೆ. ಹೋಗಲಿ.

ಸೈಲೆಂಟ್ ನೈಟ್ ಅನ್ನುವ ಕ್ರಿಸ್‌ಮಸ್ ಹಾಡನ್ನೂ ಮಕ್ಕಳಿಂದ ಹಾಡಿಸುವುದಿಲ್ಲ. 1818ರ ಕ್ರಿಸ್‌ಮಸ್ ಹಿಂದಿನ ದಿನ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ, ಪಾದ್ರಿ ಯೋಸೆಫ್ ಮೋರ್ ಮತ್ತು ಶಾಲಾ ಮೇಷ್ಟ್ರು ಫ್ರಾಂಜ್ ಗ್ರೂಬರ್ ಬರೀ ಗಿಟಾರ್ ಇಟ್ಟುಕೊಂಡು ಮೊದಲ ಸಲ ಹಾಡಿದ್ದು. ಪದ ಮೋರ್ ಅವರದ್ದು, ಧಾಟಿ ಗ್ರೂಬರ್ ಅವರದ್ದು. ಕೇಳಲು ಸರಳ, ಆದರೆ ಸ್ವರ ಮೇಲಿನ ಮಧ್ಯಮದವರೆಗೂ (ಮ) ಹತ್ತುತ್ತದೆ. ಮಕ್ಕಳ ಗಂಟಲಿಗೆ ಅದು ಕಷ್ಟ. ನಡೆ ಮಾತ್ರ ಪಕ್ಕಾ ಜೋಗುಳದ್ದು: ತಕಿಟ ತಕಿಟ, ತಕಿಟ ತಕಿಟ.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಆಯಮ್ಮ. ಮಧ್ಯಾಹ್ನ ಮಲಗುವ ಹೊತ್ತಿಗೆ ಒಂದು ಮಗು ಅಮ್ಮ ಬೇಕು ಅಂತ ಬಿಕ್ಕುತ್ತಿತ್ತು. ಆಯಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು, ತಾವು ಚರ್ಚಿನಲ್ಲಿ ಹಾಡುವ ಹಾಗೆ ಕನ್ನಡದಲ್ಲಿ ಮೆಲ್ಲಗೆ ಶುರು ಮಾಡಿದರು. ಪ್ರತಿ "ತ" ಗೆ ಬೆನ್ನ ಮೇಲೊಂದು ತಟ್ಟು. ಪದ ಮರೆತ ಕಡೆ "ಉಂ ಉಂ" ಅಂತಲೇ ಮುಂದುವರಿಸಿದರು. ನಾನು ಪರದೆ ಎಳೆದೆ. ಬಿಕ್ಕು ನಿಧಾನವಾಗಿ ಆ ತಟ್ಟಿನ ಜೊತೆಗೇ ಸೇರಿಕೊಂಡಿತು, ಆಮೇಲೆ ನಿಂತಿತು.

ಈಗ ಡಿಸೆಂಬರ್ ಪೂರ್ತಿ ಮಲಗುವ ಹೊತ್ತಿಗೆ ಇದೇ ಹಾಡು. ಹೋದ ವರ್ಷ ರಜೆಗೆ ಮುಂಚಿನ ದಿನ ಆಯಮ್ಮ ಹಾಡುತ್ತಿದ್ದಾಗ, ಮಲಗದೆ ಉಳಿದಿದ್ದ ಹುಡುಗಿಯೊಬ್ಬಳು ಚಾಪೆ ಮೇಲೆ ಪಕ್ಕದ ಹುಡುಗನ ಬೆನ್ನು ತಟ್ಟುತ್ತಿದ್ದಳು. ತಾಳ ಒಂದು ಚೂರೂ ತಪ್ಪಿರಲಿಲ್ಲ.