ಏನು ನುಂಗಿದರು, ಎಷ್ಟು ನುಂಗಿದರು: ಕೋಲಾರದ ಕಡೆಯ ನನ್ನ ಅನುಭವ

ಮಾನಸಿಕ ಕಾಯಿಲೆ ಇರುವವರು ಏನಾದರೂ ನುಂಗಿ ಬಂದಾಗ, ಹೊಟ್ಟೆ ಒತ್ತಿ "ನೋವಿದೆಯಾ?" ಎಂದು ಕೇಳಿ, ಇಲ್ಲ ಎಂದ ಕೂಡಲೇ ಮನೆಗೆ ಕಳಿಸುವುದು ದೊಡ್ಡ ತಪ್ಪು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ) ಇರುವ ಕೆಲವರು ಕರುಳು ತೂತಾದರೂ ನೋವು ಹೇಳುವುದಿಲ್ಲ. ನಾನು ಮಾತಿಗಿಂತ ನಾಡಿ, ಜ್ವರ, ಜೊಲ್ಲು ನಂಬುತ್ತೇನೆ. ಎಂಜಲೂ ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ ಅನ್ನನಾಳ ಕಟ್ಟಿದೆ ಎಂದೇ ಲೆಕ್ಕ.

"ಯಾಕಪ್ಪ ನುಂಗಿದೆ?" ಅಂದರೆ ಬಾಯಿ ಮುಚ್ಚಿಬಿಡುತ್ತಾರೆ. ಏನೇನು, ಎಷ್ಟು, ಯಾವಾಗ, ಅಷ್ಟೇ ಕೇಳಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರನ್ನು ಬೇಕಾದರೆ ತೆಲುಗಿನಲ್ಲೇ ಕೇಳಿ. ಮನೆಯಿಂದ ಅದೇ ಥರದ ಇನ್ನೊಂದು ಸೆಲ್ಲೋ ಪಿನ್ನೋ ತರಿಸಿ. ಎಕ್ಸ್‌ರೇ ಫಿಲ್ಮಿನ ಪಕ್ಕ ಇಟ್ಟರೆ ಆಕಾರ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ.

ರಾಗಿಮುದ್ದೆ ನುಂಗಿಸಿ ಕೆಳಕ್ಕೆ ತಳ್ಳಿ ಕರೆತರುವುದು ನಮ್ಮ ಕಡೆಯ ವಾಡಿಕೆ. ದಯವಿಟ್ಟು ಬೇಡ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದು ಅಪಾಯ, ವಸ್ತುವೂ ಮುದ್ದೆಯೊಳಗೆ ಅಡಗುತ್ತದೆ. ವಾಂತಿ ಮಾಡಿಸುವುದೂ ಬೇಡ. ಬೇರಿಯಂ (ಎಕ್ಸ್‌ರೇಗೆಂದು ಕುಡಿಸುವ ಬಿಳಿ ದ್ರವ) ಕುಡಿಸಿದರೆ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವಾಗ, ಸರಿಯಾಗಿ ಕಾಣುವುದಿಲ್ಲ.

ಎಕ್ಸ್‌ರೇ ಕತ್ತಿನಿಂದ ಸೊಂಟದವರೆಗೆ. ಕತ್ತು ಮತ್ತು ಎದೆಗೆ ಪಕ್ಕದಿಂದಲೂ ಒಂದು. ಒಂದು ವಸ್ತು ಸಿಕ್ಕಿತೆಂದು ಹುಡುಕುವುದು ನಿಲ್ಲಿಸಬೇಡಿ, ಇವರಲ್ಲಿ ಎರಡನೆಯದೂ ಇರಬಹುದು. ದುಂಡಗಿನ ನೆರಳಿನ ಅಂಚಿನಲ್ಲಿ ಜೋಡಿ ಉಂಗುರ, ಪಕ್ಕದ ಫಿಲ್ಮಿನಲ್ಲಿ ಮೆಟ್ಟಿಲಿನಂಥ ಅಂಚು ಕಂಡರೆ ಅದು ನಾಣ್ಯವಲ್ಲ, ಬಟನ್ ಸೆಲ್ (ವಾಚಿನಲ್ಲಿರುವ ಗುಂಡಿಯಂಥ ಬ್ಯಾಟರಿ). ಕಡ್ಡಿ, ಪ್ಲಾಸ್ಟಿಕ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಿ.

ಅನ್ನನಾಳದಲ್ಲಿ ಸೆಲ್ ಇದ್ದರೆ 2 ಗಂಟೆಯೊಳಗೆ ತೆಗೆಯಬೇಕು. ಅದರ ವಿದ್ಯುತ್ತಿನಿಂದ ಸುತ್ತ ಕ್ಷಾರ ಹುಟ್ಟಿ ಗೋಡೆ ಸುಡುತ್ತದೆ. ಅದಕ್ಕೇ ಬೆಂಗಳೂರಿಗೆ ಆಂಬುಲೆನ್ಸ್ ಹೊರಡಿಸುವ ಮುನ್ನ, ಅಲ್ಲಿ ಎಂಡೋಸ್ಕೋಪಿ ಮಾಡುವವರು ಈಗಲೇ ಇದ್ದಾರಾ ಎಂದು ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳುತ್ತೇವೆ. ಅನ್ನನಾಳದ ಬ್ಲೇಡಿಗೂ ಅದೇ ಅವಸರ. ಜಠರದಲ್ಲಿ ಚೂಪಾದದ್ದು, ಅಯಸ್ಕಾಂತ, 6 ಸೆಂ.ಮೀ. ಮೀರಿ ಉದ್ದದ್ದು ಇದ್ದರೆ 24 ಗಂಟೆಯೊಳಗೆ ತೆಗೆಯಬೇಕು. 2.5 ಸೆಂ.ಮೀ.ಗಿಂತ ಅಗಲದ್ದು ಜಠರದಿಂದ ಮುಂದೆ ಹೋಗುವುದು ಕಷ್ಟ. ಸಣ್ಣ, ಮೊಂಡು ವಸ್ತುವಾದರೆ ವಾರಕ್ಕೊಂದು ಎಕ್ಸ್‌ರೇ ತೆಗೆಯುತ್ತ 3–4 ವಾರ ಕಾಯಬಹುದು. ಚೂಪಾದದ್ದು ಕರುಳಿಗೆ ಇಳಿದುಬಿಟ್ಟಿದ್ದರೆ ದಿನಾ ಫಿಲ್ಮ್. 3 ದಿನ ಅಲ್ಲೇ ಇದ್ದರೆ ಸರ್ಜನ್‌ಗೆ ಒಪ್ಪಿಸುತ್ತೇವೆ.

ಹೆಚ್ಚಿನವರು ಮರೆಯುವುದು ಮಾತ್ರೆಗಳ ವಿಷಯ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್, ಅಂಥ ಮಾತ್ರೆಗಳ ಅಡ್ಡಪರಿಣಾಮಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕರುಳನ್ನು ನಿಧಾನ ಮಾಡುತ್ತವೆ. ವಸ್ತು ಕದಲದಿದ್ದರೆ ಮಲಬದ್ಧತೆ ಕೇಳಿ. ಹಾಗೆಂದು ಮಾತ್ರೆ ತಾವೇ ನಿಲ್ಲಿಸಬೇಡಿ, ಮನೋವೈದ್ಯರನ್ನು ಕೇಳಿ. ಬಾಯಿಗೆ ಏನೂ ಕೊಡಬಾರದ ದಿನ ಇಂಜೆಕ್ಷನ್ ಬೇಕೇ ಎಂಬುದನ್ನೂ ಅವರೇ ಹೇಳಲಿ. ನುಂಗು ಎಂದು ದನಿ ಕೇಳಿಸಿತೇ, ಸಾಯಬೇಕೆನಿಸಿತೇ, ಮಣ್ಣು-ಸುಣ್ಣ ತಿನ್ನುವ ಚಟವೇ, ಇವು ಮೂರೂ ಬೇರೆ ಬೇರೆ. ಚಟವಾದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿ.

ವಾರ್ಡಿನಲ್ಲಿ ಒಬ್ಬರು ಸದಾ ಪಕ್ಕದಲ್ಲಿ. ಪೆನ್ನು, ಸೇಫ್ಟಿಪಿನ್, ಸಿರಿಂಜಿನ ಮುಚ್ಚಳ, ಟಾರ್ಚಿನ ಸೆಲ್, ಸಡಿಲವಾದ ಮಂಚದ ತಿರುಪು, ಎಲ್ಲ ಹೊರಗೆ. ಚಮಚ ಬೇಡವೇ ಬೇಡ, ಊಟ ಕೈಯಲ್ಲೇ. ಮನೆಗೆ ಕಳಿಸುವ ದಿನ ಇನ್ನೊಂದು ಎಕ್ಸ್‌ರೇ ತೆಗೆದು, ಮೊದಲಿನದರ ಪಕ್ಕ ಬೆಳಕಿಗೆ ಹಿಡಿದು ಎಣಿಸುತ್ತೇವೆ. ಲೆಕ್ಕ ಒಂದು ಹೆಚ್ಚು ಬಂದರೆ, ಅದು ನಮ್ಮ ವಾರ್ಡಿನದು.