ಗುಳೆ ಹೋಗುವವರ ನೋಟ್‌ಬುಕ್ಕು

ನನ್ನ ಮಗಳನ್ನು ಕರೆದುಕೊಂಡು ಹೋದವಳು ಗುರುತಿಲ್ಲದವಳೇನಲ್ಲ. ನಮ್ಮ ಓಣಿಯವಳೇ, ಮೂರು ಮನೆ ಆಚೆ. ನಾನು ಚಿಗವ್ವ ಅಂತಲೇ ಕರೆಯುತ್ತಿದ್ದೆ. 2021ರ ಜುಲೈ ಅದು. ಕೊರೊನಾದಿಂದ ಶಾಲೆ ಮುಚ್ಚಿತ್ತು, ನನ್ನ ಹೊಲಿಗೆ ಮಷಿನ್ನೂ ಸುಮ್ನೆ ಕೂತಿತ್ತು. "ಪುಣೆದಾಗ ಚಲೋ ಮನಿ ಐತಿ, ಕೂಸು ನೋಡ್ಕೊಳ್ಳೂದಷ್ಟ, ಸಾಲಿ ಚಾಲೂ ಆದ್ರ ವಾಪಸ್ ಬರ್ತಾಳ" ಅಂದಳು. ಐದು ಸಾವಿರ ಮುಂಗಡ ಕೊಟ್ಟಳು. ತೆಗೆದುಕೊಂಡವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಬರೆಯೋಕೆ ನನಗೆ ಮುಖವಿಲ್ಲ.

ಹದಿನೈದು ದಿನಕ್ಕೆ ಇಬ್ಬರ ಫೋನೂ ಬಂದ್ ಆದವು. ಚಿಗವ್ವನ ಮನೆಗೆ ಬೀಗ. ಪೊಲೀಸ್ ಸ್ಟೇಷನ್ನಿಗೆ ಹೋದರೆ, "ನೀನೇ ಕಳಿಸಿದ್ದು, ದುಡ್ಡೂ ತಗೊಂಡಿದ್ದಿ, ಇದೆಂಥ ಕಂಪ್ಲೇಂಟು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅಳುತ್ತಾ ವಾಪಸ್ ಬಂದೆ.

ಉತ್ತರ ಸಿಕ್ಕಿದ್ದು ಕೊಪ್ಪಳದಲ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ಆ ವಕೀಲೆ ಒಂದು ಚೀಟಿಯಲ್ಲಿ ಎರಡು ಮಾತು ಬರೆದುಕೊಟ್ಟರು. ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು, 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು, ಮಾನವ ಸಾಗಣೆಯ ಕೇಸಿನಲ್ಲಿ "ಅವಳೇ ಒಪ್ಪಿ ಹೋದಳು" ಅನ್ನೋ ಮಾತು ನಡೆಯೋದಿಲ್ಲ. ಆ ಚೀಟಿ ಹಿಡಿದು ಮತ್ತೆ ಹೋದೆ. ಆರನೇ ದಿನಕ್ಕೆ ಎಫ್‌ಐಆರ್ ಆಯಿತು.

ಮಗಳು ಒಂದೇ ಸಲ ಫೋನ್ ಮಾಡಿದ್ದಳು, ಪಕ್ಕದ ಮನೆಯ ಕೆಲಸದಾಕೆಯ ಫೋನಿನಿಂದ. "ಅವ್ವಾ, ನನ್ನ ಕರ್ಕೊಂಡು ಹೋಗು." ಅಷ್ಟೇ. ಆ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದೆ. ಪೊಲೀಸರು ಅದೇ ನಂಬರಿನ ಜಾಡು ಹಿಡಿದು ಹೋದರು. ಮನೆಯಿಂದ ಹೋದ 73ನೇ ದಿನ ಸಿಕ್ಕಳು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು, ಬಾಲಮಂದಿರದಲ್ಲಿ ಮೂರು ವಾರ, ಆಮೇಲೆ ಮನೆ. ಅಲ್ಲಿ ಏನಾಯಿತು ಅನ್ನೋದು ಅವಳ ಮಾತು. ನಾನು ಬರೆಯೋದಿಲ್ಲ.

ಬೇರೆ ಮಕ್ಕಳಿಗೆ ಹೀಗಾಗಬಾರದು ಅಂತ ಮರುವರ್ಷ ನಾನು ಊರಲ್ಲಿ ಒಂದು ಮೀಟಿಂಗ್ ಕರೆದೆ. ಯಾರೂ ಬರಲಿಲ್ಲ. ಬಂದವರು ಒಬ್ಬರು, ಅವರೂ ಬ್ಲೌಸ್ ಇಸಿದುಕೊಳ್ಳೋಕೆ ಬಂದಿದ್ದರು! ಆಗ ತಿಳಿಯಿತು, ಜನ ಮೊದಲೇ ಸೇರುವ ಜಾಗಕ್ಕೆ ನಾವೇ ಹೋಗಬೇಕು ಅಂತ. ಸ್ವಸಹಾಯ ಸಂಘದ ವಾರದ ಉಳಿತಾಯದ ಸಭೆಯಲ್ಲಿ ಹತ್ತು ನಿಮಿಷ ಕೇಳಿದೆ. ಕೊಟ್ಟರು.

ಮೊದಲ ಪ್ರಶ್ನೆಯೇ ಜೋರಾಗಿ ಬಂತು: "ಗುಳೆ ಹೋಗಬ್ಯಾಡ ಅಂತಿಯೇನು? ಹೊಟ್ಟಿಗೆ ನೀ ಹಾಕ್ತಿಯಾ?" ಸರಿಯಾದ ಪ್ರಶ್ನೆ ಅಲ್ವಾ? ಕುಷ್ಟಗಿ ಕಡೆಯ ನಮ್ಮ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಬೆಂಗಳೂರು, ಗೋವಾ, ಮಂಗಳೂರು ಅಂತ ಹೋಗಲೇಬೇಕು. ನಾನು ಹೋಗಬೇಡಿ ಅನ್ನಲಿಲ್ಲ. ಹೋಗುವ ಮುಂಚೆ ಬರೆಸಿ ಹೋಗಿ ಅಂದೆ.

ಒಂದು ನೂರು ಪುಟದ ನೋಟ್‌ಬುಕ್ಕು. ಹೋಗುವವರ ಹೆಸರು, ವಯಸ್ಸು, ಕರೆದೊಯ್ಯುವವರ ಹೆಸರು, ಆಧಾರ್ ಜೆರಾಕ್ಸ್, ಗಾಡಿ ನಂಬರು, ಹೋಗಿ ಸೇರುವ ಜಾಗದ ಪೂರ್ತಿ ವಿಳಾಸ. ಕೊಟ್ಟ ಫೋನ್ ನಂಬರಿಗೆ ಎದುರಿಗೇ ರಿಂಗ್ ಮಾಡುತ್ತೇವೆ. ಹದಿನೆಂಟು ತುಂಬದ ಮಗು ಒಂಟಿಯಾಗಿ ಹೊರಟಿದ್ದರೆ ಬರೆದುಕೊಳ್ಳುವುದೇ ಇಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್. ಒಳ್ಳೆ ಮೇಸ್ತ್ರಿಗಳು ಐದು ನಿಮಿಷದಲ್ಲಿ ಎಲ್ಲಾ ಕೊಟ್ಟು ಹೋಗುತ್ತಾರೆ. ಒಬ್ಬ ದಲ್ಲಾಳಿ ಮಾತ್ರ ಆಧಾರ್ ಕೇಳಿದ ಕೂಡಲೇ ಕೊಟ್ಟ ಮುಂಗಡ ವಾಪಸ್ ಕೇಳಿದ! ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ ಜೈಲು, ಮೊದಲು ಐಪಿಸಿ 370 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 143 ಅಂತ ನಮ್ಮ ಸಂಘದ ಅಕ್ಕಂದಿರು ಈಗ ಬಾಯಿಪಾಠ ಹೇಳುತ್ತಾರೆ.

ಮದುವೆಯ ಹೆಸರಲ್ಲಿ ಕರೆದೊಯ್ಯುವ ವಿಷಯ ಜಾಸ್ತಿ ಕಷ್ಟ. ದೂರದ ರಾಜ್ಯದ ಗಂಡು, ವರದಕ್ಷಿಣೆ ಬೇಡ, ಖರ್ಚೆಲ್ಲಾ ಅವರದೇ, ನಾಲ್ಕೇ ದಿನದಲ್ಲಿ ಮದುವೆ. ಅಂಥದ್ದೊಂದು ಬಂತು, ಹುಡುಗಿಗೆ ಹದಿನಾರು. ನಾನೇ ಫೋನ್ ಮಾಡಿದೆ, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಬಂದು ನಿಲ್ಲಿಸಿದರು. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ನಡೆದರೂ ಅದು ಮದುವೆಯೇ ಅಲ್ಲ. ಕಾನೂನು ಸರಿ. ಆದರೆ ಆ ಹುಡುಗಿಯ ತಾಯಿ ಇವತ್ತಿಗೂ ನನ್ನ ಜೊತೆ ಮಾತಾಡೋದಿಲ್ಲ. ಬೋರ್‌ವೆಲ್ ಹತ್ತಿರ ಸಿಕ್ಕರೆ ಕೊಡ ತಿರುಗಿಸಿಕೊಂಡು ಹೋಗುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಐದು ಸಾವಿರ ಕೈಯಲ್ಲಿದ್ದಾಗ ಹೇಗಿರುತ್ತದೆ ಅಂತ ನನಗೆ ಗೊತ್ತು.

ಈಗ ಮೂರನೇ ನೋಟ್‌ಬುಕ್ಕು ನಡೀತಿದೆ. ವಾಪಸ್ ಬಂದವರ ಹೆಸರಿನ ಮುಂದೆ ಟಿಕ್ ಹಾಕುತ್ತೇವೆ. 2025ರಲ್ಲಿ ಮಗಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹೊರಡುವ ಹಿಂದಿನ ರಾತ್ರಿ ನೋಟ್‌ಬುಕ್ ಎಳೆದುಕೊಂಡು ತನ್ನ ಹೆಸರು, ಹಾಸ್ಟೆಲ್ ವಿಳಾಸ, ವಾರ್ಡನ್ ನಂಬರು ಎಲ್ಲಾ ತಾನೇ ಬರೆದಳು. ಆ ನಂಬರಿಗೆ ಮೊದಲ ದಿನವೇ ನಾನು ಮೂರು ಸಲ ಫೋನ್ ಮಾಡಿದೆ ಅಂತ ಬೈಸಿಕೊಂಡಿದ್ದೇನೆ.